ಪೆಟ್ರೋಲ್ ಸ್ಕೂಟರ್ರಾ, ಎಲೆಕ್ಟ್ರಿಕ್ಕಾ? ಶೋರೂಮಿಗೆ ಹೋಗೋ ಮುಂಚೆ ಪಾರ್ಕಿಂಗ್ ನೋಡಿ

ಸ್ಕೂಟರ್ ತಗೋಬೇಕು, ಯಾವ್ದು ತಗೊಳ್ಳಿ ಅಂತ ಯಾರೇ ಕೇಳಿದ್ರೂ ನಾನು ಮೊದ್ಲು ಕೇಳೋದು ಒಂದೇ ಪ್ರಶ್ನೆ, ರಾತ್ರಿ ಗಾಡಿ ಎಲ್ಲಿ ನಿಲ್ಸ್ತೀರ, ಅಲ್ಲಿ ಪ್ಲಗ್ ಪಾಯಿಂಟ್ ಇದ್ಯಾ? ಎಷ್ಟು ಜನ ರೇಂಜು (ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತೆ ಅನ್ನೋದು), ಟಾಪ್ ಸ್ಪೀಡು, ಸ್ಕ್ರೀನ್ ಎಷ್ಟಿಂಚು ಅಂತೆಲ್ಲ ಯೂಟ್ಯೂಬಲ್ಲಿ ನೋಡ್ಕೊಂಡು ರೆಡಿಯಾಗಿ ಬಂದಿರ್ತಾರೆ, ಆದ್ರೆ ಈ ಪ್ರಶ್ನೆಗೆ ಉತ್ತರ ಯೋಚ್ನೆನೇ ಮಾಡಿರಲ್ಲ. ನನ್ನ ಪ್ರಕಾರ ಪೆಟ್ರೋಲಾ ಎಲೆಕ್ಟ್ರಿಕ್ಕಾ ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗೋಗುತ್ತೆ, ಉಳಿದ ಕಾಲು ಭಾಗ ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರ ಅನ್ನೋದು. ಬ್ರ್ಯಾಂಡು ಮಾಡೆಲ್ಲು ಎಲ್ಲ ಆಮೇಲೆ.

ಸರಿ, ದುಡ್ಡಿನ ಲೆಕ್ಕ ಮೊದ್ಲು ನೋಡ್ಬಿಡೋಣ, ಯಾಕಂದ್ರೆ 2025ರ ಸೆಪ್ಟೆಂಬರ್ 22ರಿಂದ ಈ ಲೆಕ್ಕ ಸ್ವಲ್ಪ ಬದಲಾಗಿದೆ. ಅವತ್ತಿಂದ 350 ಸಿಸಿ ತನಕದ ಟೂವೀಲರಿಗೆ ಜಿಎಸ್‌ಟಿ 28 ಪರ್ಸೆಂಟಿಂದ 18ಕ್ಕೆ ಇಳೀತು, ಎಲೆಕ್ಟ್ರಿಕ್ ಮೇಲೆ 2019ರಿಂದ್ಲೂ 5 ಪರ್ಸೆಂಟೇ ಇತ್ತು, ಹಂಗೇ ಇದೆ. ಅಂದ್ರೆ ಪೆಟ್ರೋಲ್ ಗಾಡಿ ಅಗ್ಗ ಆಯ್ತು, ಎಲೆಕ್ಟ್ರಿಕ್ ಇದ್ದಲ್ಲೇ ಇದೆ. ಇನ್ನೊಂದು ಕಡೆ ಸಬ್ಸಿಡಿ ವರ್ಷಾ ವರ್ಷ ಕರಗ್ತಾ ಬಂದಿದೆ. 2023ರ ಜೂನ್ ಮುಂಚೆ ಒಂದು ಕಿಲೋವ್ಯಾಟ್ ಅವರ್ (ಅಂದ್ರೆ ಒಂದು ಯೂನಿಟ್ ಕರೆಂಟ್ ಹಿಡಿಯೋ) ಬ್ಯಾಟರಿಗೆ 15 ಸಾವಿರ ಕೊಡ್ತಿದ್ರು, ಅದು 10 ಸಾವಿರ ಆಯ್ತು, 2024ರ ಏಪ್ರಿಲಲ್ಲಿ 5 ಸಾವಿರ, 2025ರ ಏಪ್ರಿಲಲ್ಲಿ 2,500 ರೂಪಾಯಿಗೆ ಇಳೀತು, ಅದೂ ಒಂದು ಗಾಡಿಗೆ ಹೆಚ್ಚಂದ್ರೆ 5 ಸಾವಿರ ಮಾತ್ರ. ಹಾಗಾಗಿ "ಇನ್ನೂ ಸ್ವಲ್ಪ ದಿನ ಕಾಯೋಣ, ಸಬ್ಸಿಡಿ ಬರ್ಬೋದು" ಅಂತ ಕೂತಿರೋರು ಯಾರಾದ್ರೂ ಇದ್ರೆ, ಆ ಆಸೆ ಬಿಟ್ಬಿಡಿ, ಬ್ಯಾಟರಿ ಬೆಲೆ ಇಳಿದ್ರೆ ಗಾಡಿ ಬೆಲೆ ಇಳಿಯುತ್ತೆ ಅಷ್ಟೇ.

ಈಗ ಲೆಕ್ಕ. ಬೆಂಗಳೂರಲ್ಲಿ ಪೆಟ್ರೋಲ್ ಲೀಟರಿಗೆ 103 ಅಂತ ಇಟ್ಕೊಳ್ಳಿ, 110 ಸಿಸಿ ಸ್ಕೂಟರ್ ಸಿಟಿ ಟ್ರಾಫಿಕ್ಕಲ್ಲಿ 45 ಕೊಡುತ್ತೆ ಅಂದ್ಕೊಳ್ಳಿ, ಕಿಲೋಮೀಟರಿಗೆ ಹತ್ತಿರತ್ರ 2 ರೂಪಾಯಿ 30 ಪೈಸೆ. ಎಲೆಕ್ಟ್ರಿಕ್ ಸ್ಕೂಟರ್ 100 ಕಿಲೋಮೀಟರ್ ಓಡೋಕೆ ಚಾರ್ಜಿಂಗ್ ನಷ್ಟ ಎಲ್ಲ ಸೇರಿ ಗೋಡೆಯಿಂದ ನಾಲ್ಕು, ನಾಲ್ಕೂಕಾಲು ಯೂನಿಟ್ ಎಳೆಯುತ್ತೆ, ಮನೆ ಕರೆಂಟು ಯೂನಿಟ್ಟಿಗೆ 6 ರೂಪಾಯಿ ಚಿಲ್ಲರೆ ಹಿಡಿದ್ರೆ ಕಿಲೋಮೀಟರಿಗೆ 25-26 ಪೈಸೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸೋರಿಗೆ ಒಂದ್ಕಡೆ 2,300, ಇನ್ನೊಂದ್ಕಡೆ 260. ತಿಂಗಳಿಗೆ ಎರಡು ಸಾವಿರ ಉಳಿತಾಯ, ಗಾಡಿ ಬೆಲೆಯಲ್ಲಿ 50 ಸಾವಿರ ವ್ಯತ್ಯಾಸ ಇದ್ರೂ ಎರಡು ಎರಡೂಕಾಲು ವರ್ಷದಲ್ಲಿ ಸರಿಹೋಗುತ್ತೆ, ಇಂಜಿನ್ ಆಯಿಲ್ಲು, ಏರ್ ಫಿಲ್ಟರ್ರು, ಸ್ಪಾರ್ಕ್ ಪ್ಲಗ್ಗು, ಸಿವಿಟಿ ಬೆಲ್ಟು ರೋಲರ್ರು ಯಾವ್ದೂ ಇಲ್ದೇ ಇರೋದು ಅದರ ಮೇಲೆ ಉಳಿತಾಯ. ಆದ್ರೆ ಅಮ್ಮ ಮಾರ್ಕೆಟ್ಟಿಗೆ ಹೋಗಿ ಬರೋಕೆ, ಮಗಳನ್ನ ಟ್ಯೂಷನ್ನಿಗೆ ಬಿಡೋಕೆ ಅಂತ ತಿಂಗಳಿಗೆ 300 ಕಿಲೋಮೀಟರ್ ಓಡೋ ಗಾಡಿಗೆ ಉಳಿಯೋದು 600 ರೂಪಾಯಿ, ಅದೇ 50 ಸಾವಿರ ವಾಪಸ್ ಬರೋಕೆ ಏಳು ವರ್ಷ ಬೇಕು. ಅಷ್ಟೊತ್ತಿಗೆ ಎಕ್ಸ್ಟ್ರಾ ದುಡ್ಡು ಕೊಟ್ಟು ತಗೊಂಡ ಎಂಟು ವರ್ಷದ ಬ್ಯಾಟರಿ ವಾರಂಟಿನೂ ಮುಗಿಯೋ ಹತ್ರ ಬಂದಿರುತ್ತೆ. ಅಂಥ ಮನೆಗೆ ದುಡ್ಡಿನ ಕಾರಣಕ್ಕೆ ದೊಡ್ಡ ಬ್ಯಾಟರಿ ಎಲೆಕ್ಟ್ರಿಕ್ ತಗೊಳ್ಳಿ ಅಂತ ನಾನು ಹೇಳಲ್ಲ, ಬೇಕೇ ಬೇಕು ಅಂದ್ರೆ ಟಿವಿಎಸ್ ಐಕ್ಯೂಬ್ 2.2 ತರದ ಚಿಕ್ಕ ಬ್ಯಾಟರಿದು ನೋಡಿ, ಬೆಲೆ ವ್ಯತ್ಯಾಸ ಅಲ್ಲಿ ತುಂಬ ಕಮ್ಮಿ.

ಗೃಹಜ್ಯೋತಿ ಇರೋ ಮನೆಯವರು ಇದನ್ನ ಸರಿಯಾಗಿ ಓದ್ಕೊಳ್ಳಿ, ಶೋರೂಮಲ್ಲಿ ಯಾರೂ ಹೇಳಲ್ಲ. ಸಾವಿರ ಕಿಲೋಮೀಟರ್ ಓಡೋ ಸ್ಕೂಟರ್ ತಿಂಗಳಿಗೆ 40ರಿಂದ 45 ಯೂನಿಟ್ ತಿನ್ನುತ್ತೆ. ನಿಮ್ಮನೆ ಬಳಕೆ 90 ಯೂನಿಟ್ ಇದ್ರೆ ನಿಮಗೆ ನಿಗದಿ ಮಾಡಿರೋ ಮಿತಿ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು ಕಟ್ಬೇಕು, ಪರ್ವಾಗಿಲ್ಲ. ಆದ್ರೆ ಈಗಾಗ್ಲೇ 170 ಯೂನಿಟ್ ಉರಿಸ್ತಿದ್ರೆ ಸ್ಕೂಟರ್ ಸೇರಿ 210 ಆಗುತ್ತೆ, 200 ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಬೇಕು. ಆಗ ಸ್ಕೂಟರ್ ಕರೆಂಟ್ ಖರ್ಚು 260 ಅಲ್ಲ, ಇಡೀ ಮನೆ ಬಿಲ್ಲೇ ಅದರ ತಲೆ ಮೇಲೆ ಬರುತ್ತೆ. ಅಷ್ಟಾದ್ರೂ ಸಾವಿರ ಕಿಲೋಮೀಟರ್ ಓಡಿಸೋರಿಗೆ ಪೆಟ್ರೋಲಿಗಿಂತ ಕಮ್ಮಿನೇ ಬೀಳುತ್ತೆ, ಆದ್ರೆ ಲೆಕ್ಕ ಗೊತ್ತಿದ್ದು ತಗೊಳ್ಳೋದು ಬೇರೆ, ಮೊದಲ ಬಿಲ್ ಬಂದಾಗ ಗಾಬರಿ ಆಗೋದು ಬೇರೆ.

ಈಗ ಪಾರ್ಕಿಂಗ್ ವಿಷ್ಯ. ಸ್ವಂತ ಮನೆ, ಕಾಂಪೌಂಡ್ ಒಳಗೆ ಗಾಡಿ ನಿಲ್ಸ್ತೀರ, ಗೋಡೆ ಮೇಲೆ ಸಾಕೆಟ್ ಇದೆ ಅಂದ್ರೆ ನೀವು ಅದೃಷ್ಟವಂತರು, ಮುಂದಿನ ಪ್ಯಾರಾಗೆ ಹೋಗ್ಬೋದು, ಆದ್ರೆ ಹೋಗೋ ಮುಂಚೆ ಆ ಸಾಕೆಟ್ಟನ್ನ ಚೆಕ್ ಮಾಡಿ. ಸ್ಕೂಟರ್ ಚಾರ್ಜರ್ ಎಳೆಯೋದು ಸಾಮಾನ್ಯವಾಗಿ ಒಂದು ಮಿಕ್ಸಿಯಷ್ಟು ಕರೆಂಟು, ಅದೇನು ದೊಡ್ಡದಲ್ಲ, ಆದ್ರೆ ಮಿಕ್ಸಿ ಎರಡು ನಿಮಿಷ ಓಡುತ್ತೆ, ಇದು ಐದಾರು ಗಂಟೆ ಬಿಡದೇ ಎಳೆಯುತ್ತೆ. ಹಳೇ ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿ ಸಡಿಲ ಆಗಿದ್ರೆ ಅಲ್ಲೇ ಬಿಸಿ ಶುರು ಆಗೋದು. ಚಾರ್ಜಿಗೆ ಹಾಕಿ ಒಂದು ಗಂಟೆ ಆದ್ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಅದರ ಪಿನ್ನು ಇರೋ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ, ಬೆಚ್ಚಗಿದ್ರೆ ಸರಿ, ಹಿಡ್ಕೊಳ್ಳೋಕೆ ಆಗದಷ್ಟು ಸುಡ್ತಿದ್ರೆ ಅಥ್ವಾ ಪಿನ್ ಬುಡ ಕಂದು ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಸಾಕೆಟ್ ಬದಲಾಯಿಸಿ, ಒಳ್ಳೆ ಕಂಪನಿಯ 16 ಆಂಪ್ಸ್ ಸಾಕೆಟ್ ಹಾಕ್ಸಿ. ಅರ್ಥಿಂಗ್ ಕೂಡ ಅಷ್ಟೇ ಮುಖ್ಯ. ಎಲೆಕ್ಟ್ರಿಷಿಯನ್ ಕೈಲಿ ಟೆಸ್ಟ್ ಲ್ಯಾಂಪ್ ತರಿಸಿ ಫೇಸಿಗೂ ಅರ್ಥಿಗೂ ಹಿಡಿಸಿ, ಬಲ್ಬು ನ್ಯೂಟ್ರಲ್ಲಿಗೆ ಹಿಡಿದಾಗ ಉರಿಯೋಷ್ಟೇ ಜೋರಾಗಿ ಉರೀಬೇಕು ಇಲ್ಲಾ ಮನೇಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇದ್ರೆ ಟಕ್ ಅಂತ ಟ್ರಿಪ್ ಆಗ್ಬೇಕು. ಮಂದವಾಗಿ ಉರಿದ್ರೆ ಅಥ್ವಾ ಉರೀದೇ ಇದ್ರೆ ನಿಮ್ಮನೆ ಅರ್ಥಿಂಗ್ ಹೆಸರಿಗಷ್ಟೇ ಇದೆ ಅಂತ, ಹಳೇ ಬಾಡಿಗೆ ಮನೆಗಳಲ್ಲಿ ಇದು ತುಂಬ ಕಾಮನ್. ಮಳೇಲಿ ಒದ್ದೆ ನೆಲದ ಮೇಲೆ ನಿಂತು ಗಾಡಿಗೆ ಪ್ಲಗ್ ಹಾಕೋರು ನೀವೇ, ಇದರಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ಕಿಟಕಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡೋದಂತೂ ಬೇಡವೇ ಬೇಡ.

ಅಪಾರ್ಟ್‌ಮೆಂಟ್ ಆದ್ರೆ ಅಸೋಸಿಯೇಷನ್ ಒಪ್ಪಿಗೆ, ನಿಮ್ಮ ಮೀಟರಿಂದ ಬೇಸ್‌ಮೆಂಟ್ ತನಕ ಪ್ರತ್ಯೇಕ ಲೈನು, ಇದೆಲ್ಲ ಗಾಡಿ ಬುಕ್ ಮಾಡೋ ಮುಂಚೆ ಬರವಣಿಗೆಯಲ್ಲಿ ತಗೊಳ್ಳಿ, ಬಾಯಲ್ಲಿ ಹೂಂ ಅಂದೋರು ಗಾಡಿ ಬಂದ್ಮೇಲೆ ಫೈರ್ ಸೇಫ್ಟಿ ಅಂತ ತಕರಾರು ತೆಗೆಯೋದುಂಟು. ಬಾಡಿಗೆ ಮನೆ, ಗಾಡಿ ರೋಡಲ್ಲಿ ನಿಲ್ಸೋದು ಅನ್ನೋರಿಗೆ ಎರಡು ದಾರಿ ಇದೆ. ಒಂದು ಬ್ಯಾಟರಿ ಬಿಚ್ಕೊಂಡು ಮನೆ ಒಳಗೆ ತಂದು ಚಾರ್ಜ್ ಮಾಡೋ, ಹೀರೋ ಕಂಪನಿಯ ವಿಡಾ ತರದ್ದು, ಆದ್ರೆ ಒಂದೊಂದು ಬ್ಯಾಟರಿ ಹತ್ತು ಕೆಜಿ ಮೇಲಿರುತ್ತೆ, ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಎರಡು ಬ್ಯಾಟರಿ ಹೊರೋಕಾಗುತ್ತಾ ಅಂತ ಯೋಚಿಸಿ, ಶೋರೂಮಲ್ಲಿ ಡೆಮೊ ಕೊಡೋವಾಗ ನೀವೇ ಕೈಯಲ್ಲಿ ಎತ್ತಿ ನಾಲ್ಕು ಹೆಜ್ಜೆ ನಡೀರಿ. ಇನ್ನೊಂದು ಹೋಂಡಾ ಆಕ್ಟಿವಾ ಇ, ಇದರಲ್ಲಿ ಒಂದೂವರೆ ಕಿಲೋವ್ಯಾಟ್ ಅವರಿನ ಎರಡು ಬ್ಯಾಟರಿ, ಸ್ವಾಪ್ ಸ್ಟೇಷನ್ನಿಗೆ ಹೋಗಿ ಖಾಲಿ ಇಟ್ಟು ತುಂಬಿದ್ದು ತಗೊಂಡು ಬರೋದು. ಐಡಿಯಾ ತುಂಬ ಚೆನ್ನಾಗಿದೆ, ಎರಡು ನಿಮಿಷದ ಕೆಲ್ಸ, ಆದ್ರೆ ಮನೇಲಿ ಚಾರ್ಜ್ ಮಾಡೋಕೆ ಆಗೋದೇ ಇಲ್ಲ, ಬ್ಯಾಟರಿ ನಿಮ್ಮದಲ್ಲ, ತಿಂಗಳಾ ತಿಂಗಳ ಪ್ಲಾನ್ ಕಟ್ಬೇಕು. ದಿನಾ ಹೋಗೋ ದಾರಿಯಲ್ಲೇ ಸ್ಟೇಷನ್ ಇದ್ರೆ ಮಾತ್ರ ಇದನ್ನ ನೋಡಿ. ಎರಡೂ ಆಗಲ್ಲ ಅಂದ್ರೆ ಪೆಟ್ರೋಲ್ ತಗೊಳ್ಳಿ, ನಿಶ್ಚಿಂತೆಯಾಗಿರಿ. ಪಬ್ಲಿಕ್ ಫಾಸ್ಟ್ ಚಾರ್ಜರ್ ನಂಬ್ಕೊಂಡು ದಿನಾ ಓಡಿಸ್ತೀನಿ ಅನ್ನೋ ಪ್ಲಾನ್ ಒಂದು ತಿಂಗಳು ಉತ್ಸಾಹದಲ್ಲಿ ನಡೆಯುತ್ತೆ, ಆಮೇಲೆ ಆಫೀಸಿಂದ ಸುಸ್ತಾಗಿ ಬರೋವಾಗ ಅಲ್ಲಿ ಮುಕ್ಕಾಲು ಗಂಟೆ ನಿಲ್ಲೋದು ಹಿಂಸೆ.

ರೇಂಜ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಜಾಹೀರಾತಲ್ಲಿ ಬರೋ ನಂಬರ್ ಲ್ಯಾಬ್ ಟೆಸ್ಟಿಂದು, ಏಥರ್ ಕಂಪನಿಯ ರಿಜ್ಟಾ 3.7ಕ್ಕೆ ಶುರುವಲ್ಲಿ 159 ಅಂತ ಹೇಳಿದ್ರು, ರೋಡಲ್ಲಿ 100ರಿಂದ 115 ಅಂದ್ಕೊಳ್ಳಿ, ಹಿಂದೆ ಒಬ್ರು ಕೂತು ರಿಂಗ್ ರೋಡಲ್ಲಿ 60ರ ಮೇಲೆ ಓಡಿಸಿದ್ರೆ ಇನ್ನೂ ಕಮ್ಮಿ. ಯಾವ ಗಾಡಿಗಾದ್ರೂ ಸರಿ, ಹೇಳಿದ್ದರಲ್ಲಿ ಮೂರನೇ ಎರಡು ಭಾಗ ಅಂತ ಹಿಡ್ಕೊಂಡ್ರೆ ಮೋಸ ಹೋಗಲ್ಲ. ದಿನಕ್ಕೆ 40 ಓಡಿಸೋರಿಗೆ ಇದು ಸಮಸ್ಯೆನೇ ಅಲ್ಲ. ಸಿಗ್ನಲ್ಲಲ್ಲಿ ನಿಂತಾಗ ಮೋಟ್ರು ಏನೂ ತಿನ್ನಲ್ಲ, ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ ಬರುತ್ತೆ, ಹಾಗಾಗಿ ಸಿಲ್ಕ್ ಬೋರ್ಡ್ ತರದ ಜಾಗದಲ್ಲಿ ಪೆಟ್ರೋಲ್ ಗಾಡಿ ಮೈಲೇಜ್ ಬೀಳೋ ಟ್ರಾಫಿಕ್ಕಲ್ಲೇ ಎಲೆಕ್ಟ್ರಿಕ್ ಗೆಲ್ಲೋದು.

ಊರು ಯಾವ್ದು ಅನ್ನೋದೂ ನೋಡ್ಬೇಕು. ಬೆಂಗ್ಳೂರು, ಮೈಸೂರಿಗೆ ಎಲೆಕ್ಟ್ರಿಕ್ ಹೇಳಿ ಮಾಡಿಸಿದ ಹಾಗಿದೆ, ಮೈಸೂರಲ್ಲಂತೂ ಊರು ಈ ತುದಿಯಿಂದ ಆ ತುದಿಗೆ ಹೋಗಿ ಬಂದ್ರೂ ಬ್ಯಾಟರಿ ಅರ್ಧ ಇಳಿಯಲ್ಲ. ಹುಬ್ಬಳ್ಳಿ ಧಾರವಾಡ ಮಧ್ಯೆ ದಿನಾ ಓಡಾಡೋರಿಗೂ 20-20 ಕಿಲೋಮೀಟರ್ ಅಷ್ಟೇ, ಧಾರಾಳ ಸಾಕು. ಕಲಬುರಗಿ ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಅಲ್ಲಿ ಗಾಡಿ ನೆರಳಲ್ಲಿ ನಿಲ್ಸೋಕೆ ಜಾಗ ಬೇಕೇ ಬೇಕು, ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕೋ ಬದ್ಲು ರಾತ್ರಿ ತಣ್ಣಗಾದ್ಮೇಲೆ ಹಾಕಿ, ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಮಲೆನಾಡು, ಕೊಡಗಿನ ಒಳಗಿನ ಊರುಗಳಿಗೆ ಇವತ್ತಿನ ಮಟ್ಟಿಗೆ ಪೆಟ್ರೋಲೇ ಸರಿ ಅನ್ಸುತ್ತೆ ನಂಗೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ, ಗಾಡಿ ಕೆಟ್ರೆ ಲ್ಯಾಪ್‌ಟಾಪ್ ಹಿಡ್ಕೊಂಡು ನೋಡೋ ಟೆಕ್ನಿಷಿಯನ್ ಇರೋದು ಶಿವಮೊಗ್ಗದಲ್ಲೋ ಮಂಗಳೂರಲ್ಲೋ, ಅದೇ ಪೆಟ್ರೋಲ್ ಸ್ಕೂಟರನ್ನ ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸಂಜೆಯೊಳಗೆ ಓಡ್ಸಿ ಕೊಡ್ತಾನೆ. ಸರ್ವಿಸ್ ಸೆಂಟರ್ ಮನೆಯಿಂದ ಎಷ್ಟು ದೂರ ಅನ್ನೋದನ್ನ ಎಲೆಕ್ಟ್ರಿಕ್ ತಗೊಳ್ಳೋರು ರೇಂಜಿಗಿಂತ ಮುಂಚೆ ನೋಡ್ಬೇಕು. ಸಾಧ್ಯ ಆದ್ರೆ ಒಂದು ಶನಿವಾರ ಬೆಳಿಗ್ಗೆ ಸರ್ವಿಸ್ ಸೆಂಟರ್ ಮುಂದೆ ಸುಮ್ನೆ ಅರ್ಧ ಗಂಟೆ ನಿಂತು ಗಾಡಿ ಬಿಡೋಕೆ ಬಂದಿರೋರನ್ನ ಮಾತಾಡ್ಸಿ, ಸ್ಪೇರ್ ಪಾರ್ಟ್ಸಿಗೆ ಎಷ್ಟು ದಿನ ಕಾದ್ರಿ ಅಂತ ಕೇಳಿ, ಹತ್ತು ರಿವ್ಯೂ ನೋಡಿದ್ರೂ ಸಿಗದ ಮಾಹಿತಿ ಅಲ್ಲಿ ಸಿಗುತ್ತೆ.

ಪೆಟ್ರೋಲ್ ಕಡೆ ಈಗ ಎಲ್ರೂ ಮಾತಾಡೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ, 20 ಪರ್ಸೆಂಟ್ ಬೆರೆಸಿದ್ರೆ ಶುದ್ಧ ಪೆಟ್ರೋಲಿಗೆ ಹೋಲಿಸಿ ಲೀಟರಲ್ಲಿ 6-7 ಪರ್ಸೆಂಟ್ ಶಕ್ತಿ ಕಮ್ಮಿ ಆಗುತ್ತೆ, ಇದಕ್ಕೆ ಮುಂಚೆ ಇ10 ಇತ್ತಲ್ಲ, ಅದಕ್ಕೆ ಹೋಲಿಸಿದ್ರೆ 3 ಪರ್ಸೆಂಟ್ ಚಿಲ್ಲರೆ. ಮೈಲೇಜ್ ಅರ್ಧಕ್ಕರ್ಧ ಬಿದ್ದೋಯ್ತು ಅಂತ ರೀಲ್ಸಲ್ಲಿ ಹೇಳೋರ ಮಾತು ಈ ಲೆಕ್ಕಕ್ಕೆ ಕೂರಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆ ಕಬ್ಬು ಬೆಳೆಯೋರಿಗೆ ಎಥನಾಲಿಂದ ಅನುಕೂಲ ಇದೆ, ಅದನ್ನೂ ಮರೀಬಾರ್ದು. ಹೊಸ ಗಾಡಿ ತಗೊಳ್ಳೋರಿಗೆ ಚಿಂತೆ ಇಲ್ಲ, ಈಗ ಮಾರೋ ಸ್ಕೂಟರ್ ಎಲ್ಲ ಇ20ಗೆ ತಯಾರಾಗಿರೋವೇ. ಹಳೇ ಸ್ಕೂಟರ್ ಇರೋರು ರಬ್ಬರ್ ಪೈಪು, ಸೀಲು ಸರ್ವಿಸಲ್ಲಿ ನೋಡಿಸ್ಕೊಳ್ಳಿ, ಎಥನಾಲ್ ನೀರಿನಂಶ ಎಳ್ಕೊಳ್ಳುತ್ತೆ ಹಾಗಾಗಿ ತಿಂಗಳುಗಟ್ಲೆ ನಿಲ್ಸಿ ಊರಿಗೆ ಹೋಗೋರು ಬಂದ್ಮೇಲೆ ಹಳೇ ಪೆಟ್ರೋಲ್ ತೆಗೆಸಿ ಹೊಸದು ಹಾಕ್ಸಿ ಸ್ಟಾರ್ಟ್ ಮಾಡೋದು ಒಳ್ಳೇದು.

ಇನ್ನು ಮಾಡೆಲ್ಲು. ಪೆಟ್ರೋಲಲ್ಲಿ ನನ್ನ ಆಯ್ಕೆ ಎರಡೇ. ಮನೆಮಂದಿ ಎಲ್ಲ ಓಡಿಸೋ ಗಾಡಿ ಆದ್ರೆ ಜುಪಿಟರ್ 110, 2024ರಲ್ಲಿ ಬಂದ ಹೊಸ ಡಿಸೈನಲ್ಲಿ ಪೆಟ್ರೋಲ್ ಟ್ಯಾಂಕನ್ನ ಕಾಲಿಡೋ ಜಾಗದ ಕೆಳಗೆ ತಂದು ಸೀಟ್ ಕೆಳಗೆ 33 ಲೀಟರ್ ಜಾಗ ಮಾಡಿದ್ದಾರೆ, ತೂಕ ಕೆಳಗೆ ಬಂದಿರೋದ್ರಿಂದ ನಿಧಾನವಾಗಿ ಹೋಗೋವಾಗ ಬ್ಯಾಲೆನ್ಸ್ ಚೆನ್ನಾಗಿ ಸಿಗುತ್ತೆ, ಬಂಕಲ್ಲಿ ಸೀಟಿಂದ ಇಳಿಯೋದೂ ಬೇಡ, ಮುಂದೆನೇ ತುಂಬಿಸ್ತಾರೆ. ಇಬ್ಬರು ಕೂತು ಏರು ರಸ್ತೆ ಜಾಸ್ತಿ ಇರೋ ಕಡೆ ಓಡ್ಸೋದಾದ್ರೆ ಸುಜುಕಿ ಆಕ್ಸೆಸ್ 125, ಇಂಜಿನ್ ಅಷ್ಟು ನಯವಾಗಿ ಎಳೆಯೋದು ಈ ಕ್ಲಾಸಲ್ಲಿ ಬೇರೆ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆಕ್ಟಿವಾ 110 ಕೆಟ್ಟದೇನಲ್ಲ, ಮರುಮಾರಾಟಕ್ಕೆ ಇವತ್ತಿಗೂ ಅದೇ ರಾಜ, ಐದು ವರ್ಷದಲ್ಲಿ ಮಾರೋ ಪ್ಲಾನ್ ಇದ್ರೆ ಅದನ್ನೇ ತಗೊಳ್ಳಿ.

ಎಲೆಕ್ಟ್ರಿಕ್ಕಲ್ಲಿ ಫ್ಯಾಮಿಲಿಗೆ ಏಥರ್ ರಿಜ್ಟಾ, ಸೀಟ್ ನಿಜವಾಗ್ಲೂ ಉದ್ದ ಇದೆ, ಇಬ್ಬರು ದಪ್ಪಗಿರೋರು ಆರಾಮಾಗಿ ಕೂರ್ತಾರೆ, ಬ್ಯಾಟರಿಗೆ ಎಕ್ಸ್ಟ್ರಾ ದುಡ್ಡು ಕೊಟ್ರೆ 8 ವರ್ಷ ಅಥ್ವಾ 80 ಸಾವಿರ ಕಿಲೋಮೀಟರ್ ತನಕ ಬ್ಯಾಟರಿ ಸಾಮರ್ಥ್ಯ 70 ಪರ್ಸೆಂಟಿಗಿಂತ ಕೆಳಗೆ ಇಳಿಯಲ್ಲ ಅನ್ನೋ ವಾರಂಟಿ ಸಿಗುತ್ತೆ, ಆ ವಾರಂಟಿ ಬಿಡ್ಬೇಡಿ, ಗಾಡಿಯಲ್ಲಿ ಅತಿ ದುಬಾರಿ ಭಾಗ ಬ್ಯಾಟರಿನೇ. ಸೌಮ್ಯವಾಗಿ, ಪೆಟ್ರೋಲ್ ಸ್ಕೂಟರ್ ತರನೇ ಇರ್ಬೇಕು, ಅಪ್ಪ ಅಮ್ಮನಿಗೂ ಬೇಗ ರೂಢಿ ಆಗ್ಬೇಕು ಅಂದ್ರೆ ಟಿವಿಎಸ್ ಐಕ್ಯೂಬ್, ಮೋಟ್ರು ಹಿಂದಿನ ಚಕ್ರದಲ್ಲೇ ಇದೆ, ಬೆಲ್ಟು ಚೈನು ಯಾವ ತಲೆಬಿಸಿನೂ ಇಲ್ಲ, ಜಿಲ್ಲಾ ಕೇಂದ್ರಗಳಲ್ಲಿ ಟಿವಿಎಸ್ ಡೀಲರ್ ಇರೋದು ದೊಡ್ಡ ಪ್ಲಸ್ಸು. ಚೇತಕ್ ಲೋಹದ ಬಾಡಿ, ಕೂತಾಗ ಗಟ್ಟಿ ಅನ್ಸುತ್ತೆ. ನಂಗೆ ಮನಸ್ಸಿಗೆ ಹತ್ರ ಇರೋದು ರಿವರ್ ಇಂಡಿ, ನಮ್ಮ ಬೆಂಗ್ಳೂರಿನ ಕಂಪನಿ, ಹೊಸಕೋಟೆಯಲ್ಲಿ ಫ್ಯಾಕ್ಟರಿ, 14 ಇಂಚಿನ ಚಕ್ರ ಎರಡೂ ಕಡೆ. ಚಕ್ರ ದೊಡ್ಡದಿದ್ರೆ ಗುಂಡಿ ಚಿಕ್ಕದಾಗುತ್ತೆ, 12 ಇಂಚಿನ ಸ್ಕೂಟರ್ ದಢ್ ಅಂತ ಬೀಳೋ ಗುಂಡಿಯನ್ನ ಇದು ಸಲೀಸಾಗಿ ಹಾರ್ಕೊಂಡು ಹೋಗುತ್ತೆ, ಸೀಟ್ ಕೆಳಗೆ 43 ಲೀಟರ್ ಜಾಗ. ಆದ್ರೆ ಡೀಲರ್ ಜಾಲ ಇನ್ನೂ ಚಿಕ್ಕದು, ದೊಡ್ಡ ಊರಲ್ಲಿರೋರಿಗೆ ಮಾತ್ರ ಹೇಳ್ತೀನಿ.

ಟೆಸ್ಟ್ ರೈಡನ್ನ ಒಬ್ರೇ ಹೋಗಿ ಮೇನ್ ರೋಡಲ್ಲಿ ಒಂದು ರೌಂಡ್ ಹಾಕಿ ಬಂದ್ರೆ ಏನೂ ಗೊತ್ತಾಗಲ್ಲ. ಹಿಂದೆ ಕೂರೋರನ್ನೇ ಕರ್ಕೊಂಡ್ ಹೋಗಿ, ಎತ್ತರದ ಹಂಪ್ ಇರೋ ಬೀದಿ ಹುಡುಕಿ, ಹತ್ತರ ಸ್ಪೀಡಲ್ಲಿ ಹತ್ತಿಸಿ ಇಳಿಸಿ, ತಳ ತಾಗುತ್ತಾ ಕೇಳಿ, ಯಾಕಂದ್ರೆ ಕಾಲಿಡೋ ಜಾಗದ ಕೆಳಗೇ ಬ್ಯಾಟರಿ ಇರೋ ಗಾಡಿಗಳಲ್ಲಿ ಅದು ಮುಖ್ಯ. ಯೂ ಟರ್ನ್ ತಗೊಳ್ಳಿ, ಗಾಡಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ ನೋಡಿ, ಎಲೆಕ್ಟ್ರಿಕ್ಕಲ್ಲಿ ರಿವರ್ಸ್ ಇದ್ರೆ ಹಾಕಿ ಇಳಿಜಾರಲ್ಲಿ ಹಿಂದೆ ತೆಗೀರಿ. ಹಿಂದೆ ಕೂತ ಹೆಂಗಸರು ಸೀರೆ ಉಟ್ಟಿದ್ರೆ ಫುಟ್‌ರೆಸ್ಟ್ ಅನುಕೂಲ ಇದ್ಯಾ ಅಂತ ಅವ್ರನ್ನೇ ಕೇಳಿ, ಸ್ಪೆಕ್ ಶೀಟಲ್ಲಿ ಇದು ಬರಲ್ಲ.

ಸ್ಕ್ರೀನು, ಆ್ಯಪು ಬಗ್ಗೆ ಗ್ಯಾಜೆಟ್ ಹುಚ್ಚಿರೋ ನಾನೇ ಹೇಳ್ತಿದೀನಿ, ಅದಕ್ಕೆ ಅಂತ 15 ಸಾವಿರ ಜಾಸ್ತಿ ಕೊಡ್ಬೇಡಿ. ಮ್ಯಾಪ್ ಮಾತ್ರ ನಿಜವಾಗ್ಲೂ ಉಪಯೋಗ, ಯಾಕಂದ್ರೆ ಫೋನನ್ನ ಹ್ಯಾಂಡಲಿಗೆ ಸಿಕ್ಕಿಸಿದ್ರೆ ನಡುಕಕ್ಕೆ ಕ್ಯಾಮೆರಾ ಹಾಳಾಗ್ಬೋದು, ಆ್ಯಪಲ್ ಕಂಪನಿನೇ 2021ರಲ್ಲಿ ಐಫೋನ್ ಬಗ್ಗೆ ಈ ಎಚ್ಚರಿಕೆ ಕೊಟ್ಟಿದೆ, ಸ್ಕೂಟರಿಗೂ ನಡುಕ ಹೀರೋ ಮೌಂಟ್ ಬಳಸಿ ಅಂದಿದೆ. ಯಾವ ಫೀಚರ್ ಗಾಡಿ ಜೊತೆ ಬರುತ್ತೆ, ಯಾವ್ದು ಕೆಲವು ವರ್ಷ ಆದ್ಮೇಲೆ ಸಬ್‌ಸ್ಕ್ರಿಪ್ಷನ್ ಕೇಳುತ್ತೆ ಅಂತ ಬಿಲ್ ಮಾಡಿಸೋ ಮುಂಚೆ ಬರೆಸ್ಕೊಳ್ಳಿ.

ಬೆಂಕಿ ಭಯ ಇರೋರಿಗೆ ಒಂದು ಮಾತು. 2022ರಲ್ಲಿ ಸ್ಕೂಟರ್ ಹೊತ್ಕೊಂಡ ಸುದ್ದಿಗಳು ಬಂದ್ಮೇಲೆ ಅದೇ ಡಿಸೆಂಬರಿಂದ ಎಐಎಸ್ 156 ಅನ್ನೋ ಬ್ಯಾಟರಿ ನಿಯಮ ಬಿಗಿ ಮಾಡಿದ್ರು, ಈಗಿನ ಗಾಡಿಗಳು ಆ ಟೆಸ್ಟ್ ದಾಟಿ ಬಂದಿರೋವು. ಭಯ ಪಡ್ಬೇಕಾಗಿರೋದು ಆನ್‌ಲೈನಲ್ಲಿ ಸಿಗೋ ಹೆಸರಿಲ್ಲದ ಚಾರ್ಜರಿಗೆ, ಅಂಗಡಿಯಲ್ಲಿ ಬ್ಯಾಟರಿ ಬಿಚ್ಚಿ ಸೆಲ್ ಬದಲಾಯಿಸಿ ಕೊಡೋರಿಗೆ. ಮೆಟ್ಟಿಲ ಕೆಳಗೆ, ಮನೆಯಿಂದ ಹೊರಗೆ ಹೋಗೋಕೆ ಇರೋ ಒಂದೇ ದಾರಿಯಲ್ಲಿ ಗಾಡಿ ನಿಲ್ಸಿ ಚಾರ್ಜ್ ಮಾಡ್ಬೇಡಿ, ಇದನ್ನ ದಯವಿಟ್ಟು ಪಾಲಿಸಿ.

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಬೇಕಾ ಅಂತ ಕೆಲವ್ರು ಕೇಳ್ತಾರೆ, ಬೆಲೆ ತುಂಬ ಬಿದ್ದಿರುತ್ತೆ ಹಾಗಾಗಿ ಆಸೆ ಆಗುತ್ತೆ. ತಗೋಬೋದು, ಆದ್ರೆ ಕಂಪನಿ ಸರ್ವಿಸ್ ಸೆಂಟರಲ್ಲೇ ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಿ, ವಾರಂಟಿ ನಿಮ್ಮ ಹೆಸರಿಗೆ ಟ್ರಾನ್ಸ್‌ಫರ್ ಆಗುತ್ತಾ ಅಂತ ಅಲ್ಲೇ ಕೇಳಿ, ಹಳೇ ಓನರ್ ಆ್ಯಪಿಂದ ಗಾಡಿಯನ್ನ ತೆಗೆದುಹಾಕಿದ್ದಾರಾ ನೋಡಿ, ಮೂಲ ಚಾರ್ಜರ್ ಕೈಗೆ ಬಂದಿದ್ಯಾ ನೋಡಿ. ಆಮೇಲೆ ಪೂರ್ತಿ ಚಾರ್ಜ್ ಮಾಡಿಸಿ 20 ಕಿಲೋಮೀಟರ್ ಓಡಿಸಿ, ಎಷ್ಟು ಪರ್ಸೆಂಟ್ ಇಳೀತು ಅಂತ ಬರ್ಕೊಳ್ಳಿ. 20 ಕಿಲೋಮೀಟರಿಗೆ 30 ಪರ್ಸೆಂಟ್ ಇಳಿದ್ರೆ ಆ ಗಾಡಿ 65 ಕಿಲೋಮೀಟರ್ ಗಾಡಿ, ಬೆಲೆನೂ ಅದೇ ಲೆಕ್ಕದಲ್ಲಿ ಚೌಕಾಸಿ ಮಾಡಿ, ಒಪ್ಪದಿದ್ರೆ ಕೀ ವಾಪಸ್ ಕೊಟ್ಟು ಬನ್ನಿ.